ಅಕ್ಕಿಹಿಟ್ಟಿನ ಪಿಜ್ಜಾ ಯಾರಿಗೆ?

ಪುಟ್ಟೀ, ಚಿನ್ನೂ,

ನಿಮ್ಮ ಚಿಕ್ಕಮ್ಮನ ಮದುವೆ ಮಾತಿಗೆಂದು ನಾವು ಮಡಿಕೇರಿಯಲ್ಲಿ ಇಟಲಿ ಊಟಕ್ಕೆ ಹೋಗಿದ್ದನ್ನು ನಿಮ್ಮ ಚಿಕ್ಕಜ್ಜ, ಅಂದರೆ ನಿಮ್ಮಜ್ಜನ ತಮ್ಮ, ಎಲ್ಲರೂ ಸೇರಿದಾಗಲೆಲ್ಲ ತಮಾಷೆಯಾಗಿ ಹೇಳುತ್ತಾರೆ. "ಪಿಜ್ಜಾ ಕಂಡಿದ್ದೇ ನಿಮ್ಮಜ್ಜಿ ಬಿಡ್ಲಿಲ್ಲ, ತಿಂದಿದ್ದೇ ಬಚ್ಚಲಿಗೆ ಓಡಿದ್ರು" ಎಂದು ಅವರು ಹೊಟ್ಟೆ ಹಿಡಿದು ತೋರಿಸುವಾಗ ನೀವಿಬ್ಬರೂ ಬಿದ್ದು ಬಿದ್ದು ನಗುತ್ತೀರಿ. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡಿರುತ್ತೇನೆ. ಹೊರಗೆ ಬಂದು, ಹಾಗಲ್ಲ, ನಡೆದದ್ದು ಹೀಗೆ ಎಂದು ಹೇಳುವ ಬಾಯಿ ನನಗಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ.

ಮೊದಲು ನನ್ನ ಕಾಯಿಲೆಯ ವಿಷಯ. ನಿಮ್ಮ ಅಜ್ಜನಿಗೆ ಶುಗರ್ ಬಂದ ಮೇಲೆ ನಮ್ಮ ಮನೆಯಲ್ಲಿ ರಾತ್ರಿಗೆ ಅನ್ನ ನಿಂತು ಚಪಾತಿ ಶುರುವಾಯಿತು. ಇಬ್ಬರಿಗೆ ಎರಡು ಅಡುಗೆ ಯಾಕೆಂದು ನಾನೂ ಅದನ್ನೇ ತಿಂದೆ. ಹೊಟ್ಟೆಯುಬ್ಬರ, ಭೇದಿ, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಎಂದು ಕೆಂಪು ಗುಳಿಗೆ ಕೊಟ್ಟರು. ಅಜ್ಜ ತೀರಿಕೊಂಡ ಮೇಲೆ ನಾನು ಇನ್ನೂ ಬಡವಾದಾಗ ದುಃಖಕ್ಕೆ ಹೀಗಾಗಿದೆ ಎಂದರು. ದುಃಖ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಉಪ್ಪಿಟ್ಟು ತಿಂದ ದಿನ ಮಾತ್ರ ಹೆಚ್ಚಾಗುವ ದುಃಖ ಎಲ್ಲಿಯಾದರೂ ಉಂಟೇ? ಕೊನೆಗೆ ಚಿಕ್ಕಮ್ಮ ಹಟ ಹಿಡಿದು ಮೈಸೂರಿಗೆ ಕರೆದುಕೊಂಡು ಹೋದಳು. ರಕ್ತ ತೆಗೆದರು, ಬಾಯಿಯಿಂದ ಪೈಪು ಇಳಿಸಿ ನೋಡಿದರು. ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಟು ನನ್ನ ಕರುಳಿಗೆ ಆಗುವುದಿಲ್ಲವಂತೆ. ಗೋಧಿ, ಮೈದಾ, ರವೆ, ಶ್ಯಾವಿಗೆ, ಯಾವುದನ್ನೂ ಒಂದು ಚೂರೂ ಮುಟ್ಟುವಂತಿಲ್ಲ, ಬದುಕಿರುವವರೆಗೆ. ಅಕ್ಕಿ, ರಾಗಿ ಎಷ್ಟು ಬೇಕಾದರೂ ತಿನ್ನಬಹುದು. ರಕ್ತಸಂಬಂಧದಲ್ಲಿ ಬರಬಹುದಾದ ಕಾಯಿಲೆ, ಮಕ್ಕಳಿಗೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರು. ಚಿಕ್ಕಮ್ಮ ಅಲ್ಲೇ ತನ್ನದನ್ನೂ ಮಾಡಿಸಿಕೊಂಡಳು. ಅವಳಿಗೆ ಇರಲಿಲ್ಲ.

ಅಕ್ಕಿ ತಿನ್ನುವ ಊರಿನಲ್ಲಿ ಈ ಕಾಯಿಲೆಯನ್ನು ಇಟ್ಟುಕೊಂಡು ಬದುಕುವುದು ಕಷ್ಟವಲ್ಲ. ಬೆಳಿಗ್ಗೆ ಕಡುಬೋ ರೊಟ್ಟಿಯೋ, ಎರಡು ಹೊತ್ತು ಅನ್ನ. ಮೈ ತುಂಬಿಕೊಂಡಿತು. ಕಷ್ಟವಾದದ್ದು ಮನೆಯಿಂದ ಹೊರಗೆ.

ಆ ಹೊತ್ತಿಗೆ ಚಿಕ್ಕಮ್ಮ ಮಡಿಕೇರಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಸುಂಟಿಕೊಪ್ಪದ ಕಡೆಯ ಹುಡುಗ, ನಮ್ಮವರೇ, ಅವನಿಗೂ ಮಡಿಕೇರಿಯಲ್ಲೇ ಕೆಲಸ. ಜಾತಕ ಕೂಡಿತ್ತು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳು ಶನಿವಾರ ಮನೆಗೆ ಬಂದರೆ ಕಾಫಿ ಒಣಗಿಸುವ ಕಣದಲ್ಲಿ ಆಚೆ ತುದಿಯಿಂದ ಈಚೆ ತುದಿಗೆ ನಡೆಯುತ್ತಾ ಫೋನ್ ಕಿವಿಗಿಟ್ಟುಕೊಂಡು ನಗುವುದು ನನಗೆ ಕೇಳಿಸುತ್ತಿತ್ತು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ಈ ಸಂಬಂಧ ಆಗಲಿ ಎಂದು ನಾನು ಮನೆದೇವರಿಗೆ ಹರಕೆ ಹೊತ್ತಿದ್ದೆ.

ಎಲೆ ಅಡಿಕೆ ಬದಲಾಯಿಸುವ ದಿನ ಗೊತ್ತುಮಾಡಲು ಎರಡೂ ಕಡೆಯವರು ಒಂದು ಭಾನುವಾರ ಮಧ್ಯಾಹ್ನ ಮಡಿಕೇರಿಯಲ್ಲಿ ಊಟಕ್ಕೆ ಕೂಡುವುದು ಎಂದಾಯಿತು. ಹೋಟೆಲು ಆರಿಸಿದ್ದು ಚಿಕ್ಕಮ್ಮ. ಅಲ್ಲಿ ಗೋಧಿ ಇಲ್ಲದ ಅಡುಗೆ ಬೇರೆ ಮಾಡುತ್ತಾರೆ ಎಂದು ತಿಳಿದುಕೊಂಡು, ನನಗಾಗಿ ಅಕ್ಕಿಹಿಟ್ಟಿನ ಪಿಜ್ಜಾ ಬೇಕೆಂದು ಮೊದಲೇ ಫೋನ್ ಮಾಡಿ ಹೇಳಿದ್ದಳು. "ನೀನು ಹೊರಗೆ ಕೂತು ಹೆದರಿಕೆ ಇಲ್ದೆ ಉಂಡು ಎಷ್ಟು ದಿನ ಆಯ್ತಮ್ಮ" ಎಂದಿದ್ದಳು.

ನಿಮಗಿಬ್ಬರಿಗೂ ಅಂದು ಜ್ವರ. ನಿಮ್ಮಮ್ಮ ಬರಲಾಗಲಿಲ್ಲ. ನಾನೂ ಚಿಕ್ಕಜ್ಜನೂ ಅವರ ಜೀಪಿನಲ್ಲಿ ಹೊರಟೆವು. ಮಾದಾಪುರ ದಾಟಿದ ಮೇಲೆ ಅವರು ಮಾತು ತೆಗೆದರು.

"ಅತ್ತಿಗೆ, ನಿಮ್ಮ ಹೊಟ್ಟೆ ವಿಷ್ಯ ಅಲ್ಲಿ ಎತ್ತಬ್ಯಾಡಿ."

"ನಾನೇನು ಎತ್ತಲಿ?"

"ಅವ್ರು ಕೇಳಿದ್ರೂ ಬ್ಯಾಡ. ವಂಶದಲ್ಲಿ ಬರೋ ಕಾಯ್ಲೆ ಅಂತ ಕಿವಿಗೆ ಬಿದ್ರೆ ಮುಗೀತು, ಕೈ ತೊಳ್ಕಂಡು ಎದ್ದೋಗ್ತಾರೆ. ಎಲೆ ಅಡಿಕೆ ಆಗ್ಲಿ. ಆಮೇಲೆ ನಿಧಾನಕ್ಕೆ ಹೇಳಣ."

"ಆಮೇಲೆ ಅಂದ್ರೆ ಯಾವಾಗ?"

"ಆಮೇಲೆ ಅಂದ್ರೆ ಆಮೇಲೆ. ನಿಮಗೆ ಮಗಳ ಮದ್ವೆ ಆಗ್ಬೇಕೋ ಬ್ಯಾಡ್ವೋ?"

ಅವರು ಕೆಟ್ಟವರಲ್ಲ ಮಕ್ಕಳೇ. ಅಜ್ಜ ಹೋದ ಮೇಲೆ ನಮ್ಮ ತೋಟ, ಗದ್ದೆ, ನಿಮ್ಮಮ್ಮನ ಬಾಣಂತನ, ಎಲ್ಲಕ್ಕೂ ನಿಂತವರು ಅವರೇ. ಅವರಿಗೆ ಎದುರಾಡಿ ನನಗೆ ಅಭ್ಯಾಸವಿರಲಿಲ್ಲ. ಚಿಕ್ಕಮ್ಮನಿಗೆ ಈ ಮಾತು ತಿಳಿಸೋಣವೆಂದರೆ ಅವಳು ನೇರ ಹೋಟೆಲಿಗೆ ಬರುವವಳಿದ್ದಳು, ಜೀಪಿನಲ್ಲಿ ಅವರೆದುರೇ ಫೋನ್ ಮಾಡುವಂತಿರಲಿಲ್ಲ.

ಹೋಟೆಲೆಂದರೆ ಇಳಿಜಾರಿನಲ್ಲಿದ್ದ ಒಂದು ಮನೆ. ಕೆಳಗೆ ಮೇಜು ಕುರ್ಚಿ, ಮೇಲೆ ಅವರ ಸಂಸಾರ. ಗಂಡ ಮೊದಲು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರಂತೆ. ಹೆಂಡತಿ ಬಂದವರನ್ನು ಕೇಳಿ ಬಡಿಸುತ್ತಿದ್ದಳು. ಗಂಡನ ತಾಯಿ ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆ ಗಂಡಹೆಂಡತಿಯ ಮಗಳೊಬ್ಬಳಿಗೆ ನನ್ನದೇ ಕಾಯಿಲೆ, ಅದಕ್ಕೇ ಗೋಧಿ ಇಲ್ಲದ ಅಡುಗೆಗೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾರೆ ಎಂದು ಚಿಕ್ಕಮ್ಮ ಹೇಳಿದ್ದಳು.

ಗೋಡೆಗೆ ಸೇರಿಸಿದ ಒಂದು ಉದ್ದ ಬೆಂಚು. "ಅತ್ತಿಗೆ, ನೀವು ಒಳಗೆ ಹೋಗಿ" ಎಂದರು ಚಿಕ್ಕಜ್ಜ. ನಾನು ಮೂಲೆಗೆ ಸರಿದೆ. ಪಕ್ಕದಲ್ಲಿ ಚಿಕ್ಕಮ್ಮ, ಅವಳ ಪಕ್ಕದಲ್ಲಿ ಹುಡುಗನ ತಾಯಿ. ಎದುರಿಗೆ ಹುಡುಗನ ತಂದೆ, ಚಿಕ್ಕಜ್ಜ, ಹುಡುಗ. ಒಂದು ಕಡೆ ಗೋಡೆ, ಮುಂದೆ ಮೇಜು. ಮೇಜಿನ ಅಂಚು ನನ್ನ ಹೊಟ್ಟೆಗೆ ಒತ್ತುತ್ತಿತ್ತು. ನಾನು ಏಳಬೇಕೆಂದರೆ ಇಬ್ಬರು ಏಳಬೇಕು.

ಹುಡುಗನ ತಂದೆ ಬಾಯ್ತುಂಬ ಮಾತಾಡುವವರು. ಮೊಟ್ಟೆ ಗಿಟ್ಟೆ ಇಲ್ಲ ತಾನೆ ಎಂದು ಮೊದಲೇ ಖಾತ್ರಿ ಮಾಡಿಕೊಂಡರು. ಶ್ಯಾವಿಗೆಯ ಹಾಗಿದ್ದದ್ದು ಬಂದಾಗ, "ಇದೇನ್ರೀ, ನಮ್ಮ ಶ್ಯಾವಿಗೆನೇ ಮೈ ಕೈ ತುಂಬ್ಕಂಡು ಬಂದಂಗೈತೆ" ಎಂದು ಎಲ್ಲರನ್ನೂ ನಗಿಸಿದರು. ಅಷ್ಟರಲ್ಲಿ ಹೋಟೆಲಿನ ಹೆಂಗಸು ಒಂದು ಬೇರೆ ಬಣ್ಣದ ತಟ್ಟೆ ಹಿಡಿದು ಬಂದಳು.

"ಗೋಧಿ ಆಗದವರು ಯಾರು? ಅಕ್ಕಿಹಿಟ್ಟಿನ ಪಿಜ್ಜಾ ಯಾರಿಗೆ?"

ಚಿಕ್ಕಮ್ಮ ನನ್ನ ಕಡೆ ಕೈ ತೋರಿಸಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಮೇಜಿನ ಕೆಳಗೆ ನಾನು ಅವಳ ಮೊಣಕಾಲು ಒತ್ತಿದ್ದೆ.

"ಯಾರಿಗಮ್ಮ ಗೋಧಿ ಆಗದೆ ಇರೋದು?" ಎಂದರು ಹುಡುಗನ ತಾಯಿ.

"ಹಂಗೇನಿಲ್ಲ" ಎಂದರು ಚಿಕ್ಕಜ್ಜ. "ನಮ್ಮ ಅತ್ತಿಗೆಗೆ ಸ್ವಲ್ಪ ಶುಗರ್ ಐತೆ. ಅದಕ್ಕೆ ಏನೋ ಬೇರೆ ಹೇಳವ್ಳೆ ಹುಡ್ಗಿ."

ಶುಗರ್ ಕೂಡ ವಂಶದಲ್ಲಿ ಬರುವಂಥದ್ದೇ. ಆದರೆ ಅದು ಪರಿಚಯದ ಕಾಯಿಲೆ, ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಇರುತ್ತದೆ. ಅದರಿಂದ ಯಾರ ಮದುವೆಯೂ ನಿಂತಿಲ್ಲ. ಅದಕ್ಕೇ ಅವರ ಬಾಯಿಗೆ ಅದು ಬಂದಿರಬೇಕು. ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಹುಡುಗನ ತಂದೆಗೆ ಶುಗರ್ ಇತ್ತು.

"ಅಯ್ಯೋ, ಶುಗರಾ! ಮೊದ್ಲೇ ಹೇಳೋದಲ್ವ ಅಮ್ಮ!" ಅವರ ಮುಖ ಅರಳಿತು. ದೂರದ ನೆಂಟರು ಸಿಕ್ಕ ಹಾಗೆ. "ನಾನೂ ಅದೇ ಪಾರ್ಟಿ. ಶುಗರ್ ಇದ್ದೋರಿಗೆ ಅಕ್ಕಿಹಿಟ್ಟು ಕೊಡ್ತಾರೇನ್ರೀ? ಅಕ್ಕಿ ಅಂದ್ರೆ ಸಕ್ಕರೆನೇ. ಏನಮ್ಮ, ಇದು ಬ್ಯಾಡ ಇವ್ರಿಗೆ. ಪೂರಾ ಗೋಧಿದು ಐತಾ? ಮೈದಾ ಅಲ್ಲ, ಗೋಧಿದು."

"ಇದೆ ಸರ್. ಆದ್ರೆ ಫೋನಲ್ಲಿ ಗೋಧಿ ಆಗಲ್ಲ ಅಂತ..."

"ಯಾರೋ ತಪ್ಪು ಹೇಳಿರ್ಬೇಕು" ಎಂದರು ಚಿಕ್ಕಜ್ಜ.

ಆ ಹೆಂಗಸು ತಟ್ಟೆ ಹಿಡಿದುಕೊಂಡೇ ನನ್ನ ಕಡೆ ಬಾಗಿದಳು. "ಆಂಟಿ, ನಿಮಗೆ ಗೋಧಿದು ಪರವಾಗಿಲ್ವಾ? ನಿಜವಾಗ್ಲೂ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಕಣ್ಣು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ನನ್ನ ಮದುವೆಯ ದಿನದ ನಂತರ ಅದೇ ಮೊದಲು. ಹುಡುಗ ಚಿಕ್ಕಮ್ಮನನ್ನು ನೋಡುತ್ತಿದ್ದ. ಅವಳು ಮೇಜನ್ನು ನೋಡುತ್ತಿದ್ದಳು.

"ಪರವಾಗಿಲ್ಲ" ಎಂದೆ.

"ಈ ಅಕ್ಕಿದು ನೀವು ತಗಳಿ ಸ್ವಾಮಿ, ನಿಮಗೇನೂ ಇಲ್ವಲ್ಲ" ಎಂದು ಹುಡುಗನ ತಂದೆ ಆ ತಟ್ಟೆಯನ್ನು ಚಿಕ್ಕಜ್ಜನ ಮುಂದೆ ಸರಿಸಿದರು. ಚಿಕ್ಕಜ್ಜ ನನ್ನ ಊಟವನ್ನು ನನ್ನೆದುರೇ ಒಂದೊಂದೇ ತುಂಡು ಅಗಿದು ನುಂಗಿದರು. ಒಂದೊಂದು ತುಂಡಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದರು. ತಟ್ಟೆಗೆ ಬಿದ್ದದ್ದನ್ನು ಬಿಡುವ ಹಾಗಿಲ್ಲವಲ್ಲ.

ನನಗೂ ಹಾಗೆಯೇ. ನಮ್ಮ ಮನೆಗಳಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಟ್ಟು ಎದ್ದರೂ ಅಪಚಾರ. ನನ್ನ ತಾಯಿ ಉಂಡ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಗೋಧಿಯ ಪಿಜ್ಜಾ ಬಂತು. ಹುಡುಗನ ತಂದೆ ತಮ್ಮ ಕೈಯಾರೆ ದೊಡ್ಡ ತುಂಡು ಆರಿಸಿ ನನ್ನ ತಟ್ಟೆಗೆ ಹಾಕಿದರು. ನಾನು ಮದುವೆ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಂತೆ ಹಿಡಿದು "ಸಾಕು, ಸಾಕು" ಎಂದೆ. "ಸಂಕೋಚ ಮಾಡ್ಬ್ಯಾಡಿ" ಎಂದು ಬೆರಳ ಸಂದಿಯಲ್ಲಿ ಇನ್ನೊಂದು ಇಳಿಸಿದರು. ಸಾಕು ಎಂಬುದು ನಮ್ಮಲ್ಲಿ ಇನ್ನೊಂದು ಹಾಕಿ ಎಂದು ಕೇಳುವ ರೀತಿಯೇ ಆಗಿರುವಾಗ ಅವರನ್ನು ಏನೆನ್ನಲಿ? ಹಾಗಲಕಾಯಿ ರಸ ಕುಡಿಯುತ್ತೀರಾ, ಮೆಂತ್ಯ ನೆನೆಹಾಕುತ್ತೀರಾ ಎಂದು ಪ್ರೀತಿಯಿಂದ ಕೇಳುತ್ತಲೇ ಇದ್ದರು. ನಾನು ತಲೆಯಾಡಿಸುತ್ತಾ ತಿಂದೆ. ಬಿಸಿ ಇತ್ತು. ಎಷ್ಟೋ ಕಾಲದ ಮೇಲೆ ಗೋಧಿಯ ಪರಿಮಳ ಬಾಯಿಗೆ ಬಂದಿತ್ತು, ರುಚಿಯಾಗಿಯೂ ಇತ್ತು.

"ಅಮ್ಮಾ, ಸಾಕು, ಬಿಡು" ಎಂದಳು ಚಿಕ್ಕಮ್ಮ ನನ್ನ ಕಿವಿಯಲ್ಲಿ.

"ಸುಮ್ನಿರು" ಎಂದೆ.

ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆಯೊಳಗೆ ಹಿಂಡಲು ಶುರುವಾಯಿತು. ಆ ಕಡೆ ಮಾತು ಎಲೆ ಅಡಿಕೆಯ ದಿನಕ್ಕೆ ಬಂದಿತ್ತು. ಸೋಮವಾರ ಬೇಡ, ಗುರುವಾರ ಆಗಬಹುದು, ನಮ್ಮಲ್ಲೇ ಇಟ್ಟುಕೊಳ್ಳೋಣ, ಇಲ್ಲ ನಮ್ಮಲ್ಲಿ. ನಾನು ಬೆನ್ನನ್ನು ಗೋಡೆಗೆ ಒತ್ತಿ ಕೂತೆ. ಹಿರಿಯರು ಏಳುವ ಮೊದಲು ಪಂಕ್ತಿಯಿಂದ ಏಳಬಾರದು. ಮದುವೆ ಮಾತು ನಡೆಯುವಾಗ ಹೆಣ್ಣಿನ ತಾಯಿ ಎದ್ದು ಹೋದರೆ ಶಕುನವೂ ಅಲ್ಲ. ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡೆ. ಆಮೇಲೆ ಬಾಯಲ್ಲಿ ನೀರು ತುಂಬಿಕೊಳ್ಳತೊಡಗಿತು. ಇನ್ನು ತಡೆಯುವುದಿಲ್ಲ ಎಂದಾಗ, "ಕೈ ತೊಳೀಬೇಕು" ಎಂದೆ. ಮಾತು ನಿಂತಿತು. ಹುಡುಗನ ತಾಯಿ ಎದ್ದರು, ಚಿಕ್ಕಮ್ಮ ಎದ್ದಳು. "ನೀನು ಕೂತ್ಕೊಮ್ಮ, ನಾನು ಕರ್ಕೊಂಡು ಹೋಗ್ತೀನಿ" ಎಂದು ಹುಡುಗನ ತಾಯಿ ನನ್ನ ತೋಳು ಹಿಡಿದರು.

ಬಚ್ಚಲು ಅಡುಗೆಮನೆ ದಾಟಿ ಹಿಂದಿತ್ತು. ನಾನು ವಾಂತಿ ಮಾಡುವಾಗ ಆ ತಾಯಿ ನನ್ನ ಹಣೆ ಹಿಡಿದುಕೊಂಡರು. ನನ್ನ ಬೆನ್ನು ಸವರಿದರು. ನನ್ನನ್ನು ಹಾಗೆ ಯಾರಾದರೂ ಹಿಡಿದು ಬಹಳ ಕಾಲವಾಗಿತ್ತು. ಹೋಟೆಲಿನ ಹೆಂಗಸು ಬಿಸಿನೀರು ತಂದು ಕೊಟ್ಟು, ತಗ್ಗಿದ ದನಿಯಲ್ಲಿ, "ಆಂಟಿ, ಆ ಫೋನ್ ಮಾಡಿದ್ದು ನಿಮಗೋಸ್ಕರನೇ ಅಲ್ವಾ?" ಎಂದಳು. ನಾನು ಆ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಅವಳು ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

"ಏನು ನಿಮಗೆ? ನಿಜ ಹೇಳಿ" ಎಂದರು ಹುಡುಗನ ತಾಯಿ.

ಶುಗರ್ ಎಂಬ ಮಾತು ನನ್ನ ನಾಲಿಗೆಯ ಮೇಲೂ ಬಂತು. ಹೇಳಿದ್ದರೆ ಅಂದಿಗೆ ಮುಗಿಯುತ್ತಿತ್ತು. ಆದರೆ ಆ ಬಚ್ಚಲಲ್ಲಿ ನಿಂತು ನನಗೆ ಮುಂದಿನದೆಲ್ಲ ಕಂಡಿತು. ಮಗಳನ್ನು ನೋಡಲು ಹೋದಾಗಲೆಲ್ಲ ಹುಡುಗನ ತಂದೆ, ಆ ಒಳ್ಳೆಯ ಮನುಷ್ಯ, ಅಮ್ಮನಿಗೆ ಅನ್ನ ಬೇಡ, ಚಪಾತಿ ಮಾಡಿ ಎನ್ನುತ್ತಾರೆ. ಲಟ್ಟಿಸುವವಳು ನನ್ನ ಮಗಳೇ. ನನಗೆ ವಿಷವೆಂದು ಗೊತ್ತಿದ್ದೂ ಅವಳೇ ನನ್ನ ತಟ್ಟೆಗೆ ಹಾಕಬೇಕು. ನಾನು ತಿನ್ನಬೇಕು, ಇಲ್ಲವಾದರೆ ಅವಳ ಮನೆಯ ಬಾಗಿಲಿಗೆ ಹೋಗುವುದನ್ನೇ ಬಿಡಬೇಕು. ನಾಳೆ ಅವಳ ಮಕ್ಕಳಿಗೇ ಹೊಟ್ಟೆನೋವು ಬಂದರೆ ಏಕೆಂದು ಅವಳು ಹೇಳುವಂತಿಲ್ಲ.

ಹೇಳಿದೆ. ಹೆಚ್ಚು ಮಾತು ಬೇಕಾಗಲಿಲ್ಲ.

"ಮಕ್ಕಳಿಗೆ ಬರತ್ತಾ?"

"ಬರಬೋದು ಅಂದ್ರು. ಇವಳಿಗಿಲ್ಲ, ಪರೀಕ್ಷೆ ಮಾಡ್ಸಿದೀವಿ."

"ಇವಳ ಮಕ್ಕಳಿಗೆ?"

"ಗೊತ್ತಿಲ್ಲ."

ಅವರು ತಮ್ಮ ಸೆರಗಿನ ಒದ್ದೆಯಾದ ತುದಿಯನ್ನು ಹಿಂಡಿ ಕೊಡವಿದರು. "ನಮ್ಮನೆಯವ್ರ ವಂಶದಲ್ಲಿ ಶುಗರ್ ಇರೋದು ಮದ್ವೆ ಆದ್ಮೇಲೆ ಗೊತ್ತಾಗಿದ್ದು ನನಗೆ. ಯಾರೂ ಹೇಳಿರ್ಲಿಲ್ಲ" ಎಂದರು. ನಾನು ಅದನ್ನು ಕೇಳಿ ಆಸೆಪಟ್ಟೆ. ಆಮೇಲೆ ಅವರೇ, "ಅದಕ್ಕೇ ನಾನು ಎಲ್ಲ ವಿಚಾರ್ಸಿ ಸೊಸೆ ತರ್ಬೇಕು ಅಂತಿದ್ದೆ" ಎಂದರು. ಕೋಪವಿರಲಿಲ್ಲ. "ಮುಖ ಒರೆಸ್ಕೊಳ್ಳಿ. ಊಟ ಮುಗೀಲಿ. ಅಲ್ಲಿ ಏನೂ ಬೇಡ."

ಮತ್ತೆ ನಾನು ಆ ಮೂಲೆಗೇ ಹೋಗಿ ಕೂರಬೇಕಾಯಿತು.

ಅಂದಿನದರಲ್ಲಿ ನನಗೆ ಇಂದಿಗೂ ನೆನಪಾಗುವುದು ಹೊಟ್ಟೆನೋವಲ್ಲ. ನಾವು 'ಕೈ ತೊಳೆದು' ಬರುವಷ್ಟರಲ್ಲಿ ಒಂದು ಗಾಜಿನ ಕಪ್ಪಿನಲ್ಲಿ ಐಸ್‌ಕ್ರೀಮಿನ ಮೇಲೆ ಕಾಫಿ ಹೊಯ್ದು ತಂದಿಟ್ಟಿದ್ದರು. ಒಂದೇ ಕಪ್ಪು, ಎರಡು ಚಮಚ. ಹುಡುಗನೂ ಚಿಕ್ಕಮ್ಮನೂ ಮೇಜಿನ ಆಚೆ ಈಚೆಯಿಂದ ಕೈ ಚಾಚಿ ಅದರಲ್ಲೇ ತಿನ್ನುತ್ತಿದ್ದರು. ಗುರುವಾರ ಎಂದು ಗೊತ್ತಾಯಿತಂತೆ. "ನಮಗಿಬ್ರಿಗೂ ಇದಿಲ್ಲ ಬಿಡಿ ಅಮ್ಮ, ನೋಡ್ಕಂಡೇ ತೃಪ್ತಿಪಡಣ" ಎಂದು ಹುಡುಗನ ತಂದೆ ನಕ್ಕರು. ಚಿಕ್ಕಜ್ಜ ಗೆದ್ದವರಂತೆ ಮೀಸೆ ಒರೆಸಿಕೊಳ್ಳುತ್ತಿದ್ದರು. ಹುಡುಗನ ತಾಯಿ ನೀರು ಕುಡಿಯುತ್ತಿದ್ದರು. ಈ ಮದುವೆ ಆಗುವುದಿಲ್ಲ ಎಂದು ಆ ಮೇಜಿನಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರು ಹೆಂಗಸರಿಗೆ ಮಾತ್ರ. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಈಗ ಆರಾಮಾ ಅಮ್ಮ?" ಎಂದು ಕೇಳಿದಳು. ತುಟಿಯ ಮೇಲೆ ಐಸ್‌ಕ್ರೀಮು. ಆರಾಮು ಎಂದೆ. ಗೋಡೆ, ಮೇಜು, ಅವಳ ಭುಜ. ಎದ್ದು ಓಡಲು ದಾರಿ ಇದ್ದಿದ್ದರೂ ಓಡುತ್ತಿದ್ದೆನೋ ಇಲ್ಲವೋ. ಆದರೆ ಇರಲಿಲ್ಲ.

ಆ ಗುರುವಾರದ ಮೊದಲೇ ಹುಡುಗನಿಗೆ ಸದ್ಯಕ್ಕೆ ಮದುವೆ ಬೇಡವಂತೆ ಎಂದು ಸುದ್ದಿ ಬಂತು. ಬೇಸಿಗೆಯಲ್ಲಿ ಅವನ ಮದುವೆ ಬೇರೆ ಕಡೆ ಆಯಿತು.

"ಒಂದು ಗಂಟೆ ತಡ್ಕಳಕ್ಕಾಗ್ಲಿಲ್ವ ಅತ್ತಿಗೆ" ಎಂದು ಚಿಕ್ಕಜ್ಜ ಒಮ್ಮೆ ಮಾತ್ರ ಕೇಳಿದರು. ಊರಿನವರು ಕಾರಣ ಕೇಳಿದರೆ ಕೊಡಲು ಅವರಿಗೆ ಏನಾದರೂ ಬೇಕಿತ್ತು. ಅದಕ್ಕೇ ಪಿಜ್ಜಾಕ್ಕೆ ಆಸೆಪಟ್ಟ ಅಜ್ಜಿಯ ಕಥೆ ಕಟ್ಟಿದರು. ಕಾಯಿಲೆಯ ಹೆಸರು ಅವರ ಬಾಯಲ್ಲಿ ಇವತ್ತಿಗೂ ಬಂದಿಲ್ಲ.

ಚಿಕ್ಕಮ್ಮ ಆ ಶನಿವಾರ ಮನೆಗೆ ಬಂದಳು. ಹುಡುಗ ಫೋನ್ ಮಾಡಿ ಎಲ್ಲ ಹೇಳಿದ್ದ. ಒಲೆಯ ಮುಂದೆ ಕೂತು ಸೌದೆ ಸರಿಮಾಡುತ್ತಾ, "ಯಾಕೆ ಹೇಳ್ದೆ ಅಂತ ನಾನು ಕೇಳ್ತಿಲ್ಲಮ್ಮ" ಎಂದಳು. "ನನ್ನ ಮುಂದೆ ಹೇಳ್ಬೋದಿತ್ತು. ನೀವಿಬ್ರೂ ಬಂದು ಕೂತ್ರಿ. ನಿಮಗೆ ಗೊತ್ತಿತ್ತು. ನಾನು ಪೆದ್ದಿ ಥರ ಅದೇ ಕಪ್ಪಲ್ಲಿ ತಿಂತಾ ಇದ್ದೆ."

ನಾನು ಅವಳ ಕೈಯಿಂದ ಸೌದೆ ತೆಗೆದುಕೊಂಡು ಒಲೆಗೆ ಇಟ್ಟೆ.

ಈಗ ಯಾರಾದರೂ ಅವಳನ್ನು ಕೇಳಿಕೊಂಡು ಬಂದರೆ ಮೊದಲ ಫೋನಿನಲ್ಲೇ ಅವಳೇ ಹೇಳಿಬಿಡುತ್ತಾಳೆ: ನಮ್ಮಮ್ಮನಿಗೆ ಇಂಥ ಕಾಯಿಲೆ ಇದೆ, ನನಗಿಲ್ಲ, ಮಕ್ಕಳಿಗೆ ಬರಬಹುದು. ಎರಡನೆಯ ಫೋನು ಬರುವುದಿಲ್ಲ. "ಒಳ್ಳೇದೇ ಆಯ್ತು, ಹೋಗಿ ಬರೋ ಬಸ್ ಚಾರ್ಜು ಉಳೀತು" ಎಂದು ನಗುತ್ತಾಳೆ. ಕಣದಲ್ಲಿ ನಡೆಯುತ್ತಾ ನಗುತ್ತಿದ್ದ ನಗು ಅದಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮಮ್ಮ ನಿಮ್ಮಿಬ್ಬರಿಗೆ ಆ ರಕ್ತಪರೀಕ್ಷೆ ಇನ್ನೂ ಮಾಡಿಸಿಲ್ಲ. ಕೇಳಿದರೆ, ರಜೆ ಬರಲಿ, ಮಳೆ ನಿಲ್ಲಲಿ ಎನ್ನುತ್ತಾಳೆ. ಗೊತ್ತಾದರೆ ಹೇಳಬೇಕಾಗುತ್ತದಲ್ಲ ಎಂಬ ಭಯ ಅವಳಿಗೆ. ತಂಗಿಗೆ ಆದದ್ದನ್ನು ಅವಳು ನೋಡಿದ್ದಾಳೆ. ಅವಳನ್ನು ಬೈಯಬೇಡಿ. ನೀವು ದೊಡ್ಡವರಾದ ಮೇಲೆ ನೀವೇ ಹೋಗಿ ಮಾಡಿಸಿಕೊಳ್ಳಿ. ಇದ್ದರೆ ಇದೆ ಎನ್ನಿ. ಬೇರೆ ಯಾವ ಕಾಯಿಲೆಯ ಹೆಸರನ್ನೂ ಅದಕ್ಕೆ ಹೊದಿಸಬೇಡಿ.

ಈ ಹಾಳೆಗಳು ಒದ್ದೆಯಾಗದಂತೆ, ಇಲಿ ಕಡಿಯದಂತೆ ಇಟ್ಟುಕೊಳ್ಳಿ. ನಿಮ್ಮ ಮದುವೆಯ ಮಾತು ಬಂದ ದಿನ ಎರಡೂ ಕಡೆಯವರು ಸೇರಿದಾಗ, ಹುಡುಗನೋ ಹುಡುಗಿಯೋ ಯಾರೇ ಆಗಲಿ, ತಟ್ಟೆ ಹಾಕುವ ಮೊದಲು ಅವರ ಕೈಗೆ ಇದನ್ನು ಕೊಟ್ಟು ಓದಲು ಹೇಳಿ. ಓದಿದ ಮೇಲೂ ಅವರು ಕೂತಿದ್ದರೆ ಊಟ ಬಡಿಸಿ.